‘ಚುಳುಕು’: ಅಡಕವನ್ನು ಹೇಳುವ ಮಾತುಗಳಲ್ಲಿ ಒಂದು ವಚನಶಬ್ದದ ವಿಚಾರ

ವಚನ ವಾಙ್ಮಯವನ್ನು ಕುರಿತು ಬರೆಯುವವರು ಮೊದಲು ಎತ್ತಿ ಹೇಳುವ ಗುಣ ಅದರ ಸಂಕ್ಷಿಪ್ತತೆ. ನಾಲ್ಕಾರು ಸಾಲುಗಳಲ್ಲಿ ಶರಣರು ಒಂದು ಶಾಸ್ತ್ರವನ್ನೇ ಸಂಕ್ಷೇಪಿಸಿದ್ದಾರೆಂಬ ಮಾತು ಪಠ್ಯಪುಸ್ತಕಗಳ ಪೀಠಿಕೆಯಿಂದ ಹಿಡಿದು ಪ್ರವಚನದ ವೇದಿಕೆಯವರೆಗೆ ಕೇಳಿಬರುತ್ತದೆ. ಹೊಗಳಿಕೆಯ ಉದ್ದೇಶ ಒಳ್ಳೆಯದೇ. ಆದರೆ ಆ ಶಬ್ದ ಸರಿಯಾದುದೇ ಎಂಬುದು ವಿಚಾರಣೀಯ. ಸಂಕ್ಷೇಪವೆಂದರೆ ಚೆದರಿದ್ದುದನ್ನು ಒಂದೆಡೆಗೆ ತಂದು ಕೂಡಿಸುವುದು. ಹಾಗೆ ಕೂಡಿಸಬೇಕಾದರೆ ಅದಕ್ಕೆ ಮುನ್ನ ಚೆದರಿದ್ದ ಒಂದು ವಿಸ್ತಾರ ಇರಲೇಬೇಕು. ಮಹಾಭಾರತಕ್ಕೆ ಸಂಕ್ಷೇಪವುಂಟು, ಪುರಾಣಕ್ಕೆ ಸಂಕ್ಷೇಪವುಂಟು. ಬಸವಣ್ಣನವರ ಒಂದು ವಚನಕ್ಕೆ ಹಿಂದೆ ಯಾವ ಉದ್ಗ್ರಂಥವಿತ್ತು? ಯಾವುದನ್ನು ಕಡಿದು, ಯಾವುದನ್ನು ಬಿಟ್ಟು ಅವರು ಅದನ್ನು ನುಡಿದರು? ಅಂಥ ಮೂಲವಿಲ್ಲದ ಮೇಲೆ ವಚನವನ್ನು ಸಂಕ್ಷಿಪ್ತವೆಂದು ಕರೆಯುವುದು, ಹುಟ್ಟಿನಿಂದಲೇ ಗಿಡ್ಡನಾದ ಬಾಳೆಯನ್ನು ಕಡಿದ ತೆಂಗೆಂದು ಕರೆದಂತೆ.

ಈ ತಪ್ಪು ವಿಮರ್ಶಕರ ಬರಹದಲ್ಲಿಯೇ ನಿಂತಿದ್ದರೆ ಹಾನಿ ಅಷ್ಟಾಗಿರಲಿಲ್ಲ. ಅದು ಶಾಲೆಯ ಕೋಣೆಗೂ ಇಳಿದಿದೆ. ‘ಈ ವಚನದ ಸಾರಾಂಶ ಬರೆಯಿರಿ’ ಎಂಬ ಪ್ರಶ್ನೆ ತಲೆಮಾರುಗಳಿಂದ ಪರೀಕ್ಷೆಯ ಕಾಗದದಲ್ಲಿ ಮುದ್ರಿತವಾಗುತ್ತ ಬಂದಿದೆ. ವಿದ್ಯಾರ್ಥಿ ಐದು ಸಾಲಿನ ವಚನಕ್ಕೆ ಹನ್ನೆರಡು ಸಾಲು ಬರೆಯುತ್ತಾನೆ. ಅದಕ್ಕೆ ಸಾರಾಂಶವೆಂದು ಹೆಸರು! ಮೂಲಕ್ಕಿಂತ ಉದ್ದವಾದ ಸಾರಾಂಶವನ್ನು ಓದಿ ಗುಣ ಕೊಡುವ ಗುರುಗಳಿಗೂ ಇದರಲ್ಲಿ ವಿಚಿತ್ರವೇನೂ ತೋರುವುದಿಲ್ಲ. ರಸವನ್ನು ಹಿಂಡಿ ತೆಗೆದರೆ ಅಳತೆ ಕಡಿಮೆಯಾಗಬೇಕು, ಇಲ್ಲಿ ಹೆಚ್ಚಾಗಿದೆ. ಅಂದರೆ ಇಲ್ಲಿ ನಡೆದದ್ದು ಹಿಂಡುವ ಕೆಲಸವಲ್ಲ, ಬೇರೆ ಯಾವುದೋ ಕೆಲಸ. ಕೆಲಸದ ಹೆಸರು ತಪ್ಪಿದ್ದರಿಂದ ಕೆಲಸವೂ ತಪ್ಪಿದೆ.

ಕಿರಿದಾಗುವುದನ್ನು, ಅಡಗುವುದನ್ನು, ಒತ್ತಿ ಬಿಗಿಯಾಗುವುದನ್ನು ಹೇಳುವ ಶಬ್ದಗಳು ಕನ್ನಡದಲ್ಲಿ ಅನೇಕವಾಗಿವೆ. ಅವುಗಳಲ್ಲಿ ಒಂದು ವಚನಕಾರರದೇ ಎನ್ನುವಷ್ಟು ಅವರ ಮುದ್ರೆ ಹೊತ್ತ ಶಬ್ದ: ಚುಳುಕು. ದೇವನ ವಿಸ್ತಾರವನ್ನು ಅಗಲಕ್ಕೂ ಆಳಕ್ಕೂ ಎತ್ತರಕ್ಕೂ ಅಳೆಯುತ್ತ ಹೋಗಿ, ಕೊನೆಗೆ ಅಂಥವನು ತನ್ನ ಕರಸ್ಥಲಕ್ಕೆ ಬಂದು ಚುಳುಕಾದನೆಂದು ಬಸವಣ್ಣನವರು ನಿಲ್ಲಿಸುವ ವಚನವನ್ನು ಅರಿಯದ ಭಕ್ತರಿಲ್ಲ. ಈ ಶಬ್ದಕ್ಕೆ ‘ಚಿಕ್ಕದಾಗು’ ಎಂದು ಅರ್ಥ ಹೇಳಿ ಮುಂದೆ ಸಾಗುವುದು ರೂಢಿ. ಆ ಅರ್ಥ ಸಾಲದು, ಸಾಲದಿರುವುದಷ್ಟೇ ಅಲ್ಲ, ವಚನದ ದಿಕ್ಕನ್ನೇ ತಿರುಗಿಸುತ್ತದೆ ಎಂಬುದು ಇಲ್ಲಿಯ ವಾದ. ಅದನ್ನು ಸ್ಥಾಪಿಸಬೇಕಾದರೆ ಈ ಶಬ್ದದ ನೆರೆಹೊರೆಯನ್ನು ಮೊದಲು ನೋಡಿಬರಬೇಕು.

‘ಒತ್ತು’ ಎಂಬುದು ಈ ಕುಲದ ಹಿರಿಯ ಶಬ್ದ. ಅದರ ಸಂತಾನ ದೊಡ್ಡದು: ಒತ್ತಡ, ಒತ್ತಾಯ, ಒತ್ತುವರಿ. ಮೂರರಲ್ಲಿಯೂ ಒಬ್ಬನ ಬಲ ಇನ್ನೊಬ್ಬನ ಮೇಲೆ ಬೀಳುತ್ತದೆ. ಆದರೆ ಅದೇ ಕುಲದಲ್ಲಿ ‘ಒತ್ತಾಸೆ’ಯೂ ಇದೆ, ಅದು ಬೆಂಬಲ. ಕನ್ನಡದ ಬರವಣಿಗೆಯಲ್ಲಿ ಒಂದು ವ್ಯಂಜನ ಮತ್ತೊಂದರ ಅಡಿಗೆ ಸೇರಿದಾಗ ಅದನ್ನು ‘ಒತ್ತಕ್ಷರ’ವೆನ್ನುತ್ತಾರೆ. ಅಲ್ಲಿ ಕೆಳಗೆ ಸೇರಿದ ಅಕ್ಷರ ಆಕಾರದಲ್ಲಿ ಕುಗ್ಗಿದರೂ ಉಚ್ಚಾರದಲ್ಲಿ ಪೂರ್ಣವಾಗಿ ಉಳಿಯುತ್ತದೆ ಎಂಬುದನ್ನು ಲಕ್ಷಿಸಬೇಕು. ‘ಅಪ್ಪ’ ಎಂಬಲ್ಲಿ ಕೆಳಗಿನ ಪಕಾರ ಅರ್ಧ ಪಕಾರವಲ್ಲ. ಬರಹದಲ್ಲಿ ಕಿರಿದು, ನುಡಿಯಲ್ಲಿ ಕಿರಿದಲ್ಲ ಎಂಬ ಈ ಸಂಗತಿ ಮುಂದೆ ಬೇಕಾಗುತ್ತದೆ.

‘ಅಮುಕು’, ‘ಅದುಮು’, ‘ಹಿಸುಕು’ ಇವು ಒರಟು ಶಬ್ದಗಳು. ಅಮುಕುವುದು ಹಳಗನ್ನಡದಲ್ಲಿ ಅಮುಂಕು, ನಡುಗನ್ನಡದಲ್ಲಿ ಔಂಕು, ಔಕು. ಸೇನೆ ಸೇನೆಯನ್ನು ಔಕುವ ಚಿತ್ರ ಕುಮಾರವ್ಯಾಸನ ಓದುಗರಿಗೆ ಹೊಸದಲ್ಲ. ಕತ್ತು ಹಿಸುಕುತ್ತಾರೆ, ದನಿ ಅದುಮುತ್ತಾರೆ. ಇವುಗಳ ಬಗೆಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅಮುಕಿಸಿಕೊಂಡದ್ದು ಇಲ್ಲಿ ಏನನ್ನೂ ಕೊಡುವುದಿಲ್ಲ, ನೋಯುತ್ತದೆ ಅಷ್ಟೇ.

‘ಹಿಂಡು’ ಹಾಗಲ್ಲ. ಹಳಗನ್ನಡದ ಪಿಂಡು, ತೆಲುಗಿನಲ್ಲಿ ಇಂದಿಗೂ ಪಿಂಡು. ಹಿಂಡಿದರೆ ಏನಾದರೂ ಹೊರಗೆ ಬರಬೇಕು. ಮೈಸೂರು ಸೀಮೆಯವರು ಹಾಲು ‘ಕರೆ’ಯುವಲ್ಲಿ ಧಾರವಾಡ ಸೀಮೆಯವರು ಎಮ್ಮೆ ‘ಹಿಂಡು’ತ್ತಾರೆ. ಕೇಳಲು ಒರಟಾದರೂ ಕ್ರಿಯೆಗೆ ಇದೇ ಹತ್ತಿರದ ಮಾತು. ಶೇಂಗಾ, ಕುಸುಬೆಗಳನ್ನು ಗಾಣಕ್ಕೆ ಹಾಕಿದರೆ ಎಣ್ಣೆ ಒಂದು ಕಡೆ, ‘ಹಿಂಡಿ’ ಒಂದು ಕಡೆ. ಎಣ್ಣೆ ದೀಪಕ್ಕೆ, ಹಿಂಡಿ ದನಕ್ಕೆ. ಹನ್ನೊಂದು, ಹನ್ನೆರಡನೆಯ ಶತಮಾನದ ಕನ್ನಡ ಶಾಸನಗಳಲ್ಲಿ ದೇವರ ನಂದಾದೀವಿಗೆಗೆ ಗಾಣಕ್ಕೆ ಇಷ್ಟು ಸೊಲ್ಲಗೆ ಎಣ್ಣೆಯೆಂದು ಬಿಟ್ಟ ದತ್ತಿಗಳು ಮೇಲಿಂದ ಮೇಲೆ ಕಾಣುತ್ತವೆ. ಶರಣರ ಗಣದಲ್ಲಿಯೂ ಗಾಣದ ಕಣ್ಣಪ್ಪನೆಂಬ ಹೆಸರಿದೆ. ಗಾಣ ಶರಣರಿಗೆ ದೂರದ ರೂಪಕವಲ್ಲ, ಓಣಿಯಲ್ಲಿ ತಿರುಗುತ್ತಿದ್ದ ಉಪಕರಣ.

ಅಕ್ಕಮಹಾದೇವಿಯವರ ಪ್ರಸಿದ್ಧ ವಚನವೊಂದರಲ್ಲಿ ತೇಯಿಸಿಕೊಂಡ ಚಂದನ, ಕಾಯಿಸಿಕೊಂಡ ಚಿನ್ನ, ಗಾಣಕ್ಕೆ ಬಿದ್ದ ಕಬ್ಬು ಈ ಮೂರು ದೃಷ್ಟಾಂತಗಳು ಒಂದರ ಹಿಂದೊಂದು ಬರುತ್ತವೆ. ನೋವುಂಡರೂ ಕಂಪು, ಕಾಂತಿ, ಸವಿ ಬಿಟ್ಟುಹೋಗಲಿಲ್ಲ ಎಂಬುದು ಅವುಗಳ ತಾತ್ಪರ್ಯ. ಅಲ್ಲಿ ಗಾಣಕ್ಕೆ ಸಿಕ್ಕಿದ್ದು ಭಕ್ತಳ ಜೀವ, ಒತ್ತಡ ತರುವವನು ದೇವ. ಹೀಗೆ ವಚನಗಳಲ್ಲಿ ದೇವನು ಭಕ್ತನನ್ನು ಅರೆಯುತ್ತಾನೆ, ತೇಯುತ್ತಾನೆ, ಒರೆಗೆ ಹಚ್ಚುತ್ತಾನೆ. ದೇವನನ್ನು ಯಾರಾದರೂ ಒತ್ತಿದ್ದುಂಟೆ, ಹಿಂಡಿದ್ದುಂಟೆ? ಆ ಕ್ರಿಯಾಪದಗಳಿಗೆ ಆತನು ಕರ್ಮವಾಗಿ ಸಲ್ಲುವವನಲ್ಲ. ಇದು ಮುಖ್ಯವಾದ ವ್ಯಾಕರಣಸಂಗತಿ. ವ್ಯಾಕರಣವೇ ಇಲ್ಲಿ ಸಿದ್ಧಾಂತವೂ ಆಗಿದೆ.

ಗಾಣದ ಒತ್ತಡಕ್ಕೂ ಹುಬ್ಬಳ್ಳಿಯ ಹತ್ತಿ ಪ್ರೆಸ್ಸಿನ ಒತ್ತಡಕ್ಕೂ ಇರುವ ಅಂತರವನ್ನು ಇಲ್ಲಿ ನೆನೆಯಬಹುದು. ಧಾರವಾಡ ಜಿಲ್ಲೆಯ ಕರಿಯ ಎರೆಭೂಮಿ ಹತ್ತೊಂಬತ್ತನೆಯ ಶತಮಾನದಿಂದ ಹತ್ತಿಗೆ ಹೆಸರಾದುದು. ‘ಧಾರವಾಡ ಅಮೆರಿಕನ್’ ಎಂಬ ತಳಿಯ ಹೆಸರೇ ಪೇಟೆಗಳಲ್ಲಿ ನಡೆಯುತ್ತಿತ್ತು. ಜಿನ್ನಿನಲ್ಲಿ ಕಾಳು ಬೇರೆಯಾದ ಅರಳೆಯನ್ನು ಪ್ರೆಸ್ಸಿಗೆ ಹಾಕಿ ಒತ್ತಿ, ಪಟ್ಟಿ ಬಿಗಿದು ಬೇಲು ಮಾಡುತ್ತಾರೆ. ಇಂದಿನ ಲೆಕ್ಕದಲ್ಲಿ ಒಂದು ಬೇಲು ೧೭೦ ಕಿಲೊಗ್ರಾಂ. ಕೋಣೆ ತುಂಬುವ ಅರಳೆ ಒಂದು ಪೆಟ್ಟಿಗೆಯಷ್ಟಾಗುತ್ತದೆ. ಆದರೆ ಇಲ್ಲಿ ಎಣ್ಣೆಯಂತೆ ಏನೂ ಹೊರಬರುವುದಿಲ್ಲ, ಹಿಂಡಿಯಂತೆ ಏನೂ ಉಳಿಯುವುದಿಲ್ಲ. ಪಟ್ಟಿ ಕಡಿದರೆ ಅರಳೆ ಮತ್ತೆ ಉಬ್ಬುತ್ತದೆ. ತೂಕ ಗುಂಜಿಯಷ್ಟೂ ಕಡಿಮೆಯಾಗಿರುವುದಿಲ್ಲ. ಗಾಣದ್ದು ಸಾರ ತೆಗೆಯುವ ಒತ್ತು, ಪ್ರೆಸ್ಸಿನದು ಇಂಬು ಉಳಿಸುವ ಒತ್ತು. ಗಣಕಯಂತ್ರದ ಕಡತಗಳನ್ನು ಕಿರಿದುಗೊಳಿಸುವ ವಿಧಾನಗಳಲ್ಲಿಯೂ ಇವೇ ಎರಡು ಬಗೆಗಳಿವೆ. ಬಿಚ್ಚಿದಾಗ ಮೂಲವು ಅಕ್ಷರಶಃ ಮರಳಿ ಬರುವುದು ಒಂದು; ಕಣ್ಣಿಗೆ ಕಿವಿಗೆ ತಿಳಿಯದ ಅಂಶಗಳನ್ನು ಕೈಬಿಟ್ಟು ಉಳಿದುದನ್ನು ಮಾತ್ರ ಕಾಪಾಡುವುದು ಇನ್ನೊಂದು. ಲಿಖಿತವನ್ನು ಮೊದಲ ಬಗೆಯಲ್ಲಿ ಕಟ್ಟುತ್ತಾರೆ, ಚಿತ್ರ ಸಂಗೀತಗಳನ್ನು ಹೆಚ್ಚಾಗಿ ಎರಡನೆಯ ಬಗೆಯಲ್ಲಿ. ಯಂತ್ರದವರಿಗೂ ಮಾತನ್ನು ಹಿಂಡಬಾರದೆಂಬ ವಿವೇಕವಿದೆ.

ಈ ಕ್ರಿಯೆಗೆ ಕನ್ನಡ ವಿಜ್ಞಾನ ಪಠ್ಯಗಳು ‘ಸಂಪೀಡನ’ವೆಂಬ ಶಬ್ದವನ್ನು ತಂದಿವೆ, ಶಬ್ದತರಂಗದ ಪಾಠದಲ್ಲಿ ‘ಸಂಪೀಡನ, ವಿರಳನ’ ಎಂಬ ಜೋಡಿಯನ್ನು ಬಾಲಕರು ಬಾಯಿಪಾಠ ಮಾಡುತ್ತಾರೆ. ಒಳಗೆ ‘ಪೀಡೆ’ ಕುಳಿತಿರುವ ಶಬ್ದ. ಗಾಳಿಗೆ ಪೀಡೆಯಾಯಿತೆಂದು ಮಕ್ಕಳು ತಿಳಿದರೆ ಅವರ ತಪ್ಪಲ್ಲ. ವಾಹನಗಳಿಗೆ ತುಂಬುವ ಅನಿಲವನ್ನು ‘ಸಂಕುಚಿತ ನೈಸರ್ಗಿಕ ಅನಿಲ’ವೆಂದು ಬರೆಯುವುದೂ ಉಂಟು. ಸಂಕುಚಿತವೆಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಸಂಕುಚಿತ ಬುದ್ಧಿ. ಅನಿಲಕ್ಕೆ ಆ ಅಪವಾದ ಬೇಡವಾಗಿತ್ತು.

ಆದರೆ ‘ಸಂಕೋಚ’ವನ್ನು ಹಾಗೆ ಹಗುರವಾಗಿ ಬಿಡುವಂತಿಲ್ಲ. ಲೋಕರೂಢಿಯಲ್ಲಿ ಅದು ನಾಚಿಕೆ, ಹಿಂಜರಿಕೆ. ಬೀಗರ ಮನೆಯಲ್ಲಿ ಎರಡನೆಯ ಹೋಳಿಗೆಗೆ ಕೈ ಅಡ್ಡ ಹಿಡಿಯುವವನು ಪಡುವುದು ಸಂಕೋಚ. ಮೈ ಮುದುಡುವುದು ಮನಸ್ಸು ಮುದುಡುವುದಾಗಿ ಅರ್ಥ ಒಳಕ್ಕೆ ಸರಿದಿದೆ. ಶೈವದರ್ಶನಗಳಲ್ಲಿ ಇದು ಭಾರವಾದ ಪರಿಭಾಷೆ. ಅಭಿನವಗುಪ್ತನ ಶಿಷ್ಯನಾದ ಕ್ಷೇಮರಾಜನು ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದಲ್ಲಿ ರಚಿಸಿದ ‘ಪ್ರತ್ಯಭಿಜ್ಞಾಹೃದಯ’ ೨೦ ಸೂತ್ರಗಳ ಸಣ್ಣ ಗ್ರಂಥ. ಚಿತಿಯೇ ಸಂಕೋಚಗೊಂಡು ಜೀವವಾಗುತ್ತದೆಂಬುದು ಅದರ ನಡುವಿನ ತತ್ತ್ವ. ವೀರಶೈವರ ಶಕ್ತಿವಿಶಿಷ್ಟಾದ್ವೈತದಲ್ಲಿಯೂ ಶಕ್ತಿಯ ಸಂಕೋಚ ವಿಕಾಸಗಳ ಮಾತು ಸುಪರಿಚಿತ. ಕ್ಷೇಮರಾಜನ ವಿವರಣೆಯಲ್ಲಿ ಸಂಕೋಚದ ಫಲ ಬಂಧನ. ಶಿವನು ಕುಗ್ಗಿದ್ದರಿಂದ ಪಶುವಾದನು, ಕುಗ್ಗನ್ನು ಕಳೆದರೆ ಮರಳಿ ಶಿವನು. ಕುಗ್ಗುವುದು ಅಲ್ಲಿ ಇಳಿತದ ಹೆಸರು.

ಬಸವಣ್ಣನವರು ಈ ಶಾಸ್ತ್ರಶಬ್ದವನ್ನು ಆ ವಚನದಲ್ಲಿ ಬಳಸಲಿಲ್ಲ. ಬಳಸಿದ್ದರೆ ದೇವನ ಬರವು ಒಂದು ಇಳಿತವಾಗಿ ಕೇಳಿಸುತ್ತಿತ್ತು. ಒತ್ತು, ಹಿಂಡು, ಅಮುಕುಗಳನ್ನು ಬಳಸಲಿಲ್ಲ. ಅವು ಎರಡನೆಯವನೊಬ್ಬನ ಕೈಯನ್ನು ಬೇಡುತ್ತವೆ. ‘ಕಿರಿದು’ ಎಂಬ ಅಚ್ಚಗನ್ನಡದ ಸುಲಭ ಶಬ್ದ ಕೈಗೆಟುಕುವಂತೆಯೇ ಇತ್ತು. ಅದನ್ನೂ ಬಳಸಲಿಲ್ಲ. ಏಕೆ ಬಳಸಲಿಲ್ಲ ಎಂಬುದಕ್ಕೆ ಅವರ ಬೇರೊಂದು ವಚನವೇ ಸಾಕ್ಷಿ. ಆನೆಯ ಮುಂದೆ ಅಂಕುಶವನ್ನು, ಬೆಟ್ಟದ ಮುಂದೆ ವಜ್ರಾಯುಧವನ್ನು, ಕತ್ತಲೆಯ ಮುಂದೆ ಜ್ಯೋತಿಯನ್ನು ಇಟ್ಟು, ಇವನ್ನು ಕಿರಿದೆನ್ನಬಹುದೆ ಎಂದು ಕೇಳಿ, ಎನ್ನಬಾರದೆಂದು ತಾವೇ ಉತ್ತರಿಸುವ ವಚನವದು. ಅಲ್ಲಿ ಚರ್ಚೆಗೆ ಬಂದಿರುವುದು ವಸ್ತುವಿನ ಗಾತ್ರವಲ್ಲ, ‘ಕಿರಿದು’ ಎಂಬ ಶಬ್ದಪ್ರಯೋಗ. ಆ ಶಬ್ದವನ್ನು ಅವರು ಪರೀಕ್ಷಿಸಿ ತಳ್ಳಿದ್ದಾರೆ. ಇನ್ನೊಂದು ಕಡೆ ತಮಗಿಂತ ಕಿರಿಯರಿಲ್ಲವೆಂದು ತಮ್ಮನ್ನು ಕುರಿತೇ ಅದನ್ನು ಹೇಳಿಕೊಂಡಿದ್ದಾರೆ. ಕಿರಿದೆಂಬುದು ಭಕ್ತನಿಗೆ ಸಲ್ಲುವ ಮಾತು, ಲಿಂಗಕ್ಕೆ ಸಲ್ಲದ ಮಾತು. ಹೀಗಿರುವಾಗ ಲಿಂಗವು ಕರಸ್ಥಲಕ್ಕೆ ಬಂದಾಗ ನಡೆದುದನ್ನು ‘ಚಿಕ್ಕದಾಯಿತು’ ಎಂದು ಅರ್ಥ ಬರೆಯುವವರು, ಕವಿ ಕೈಬಿಟ್ಟ ಶಬ್ದವನ್ನು ಅವರ ಬಾಯಲ್ಲಿ ಮರಳಿ ಇಟ್ಟಂತಾಗುತ್ತದೆ.

ಆ ವಚನದಲ್ಲಿ ಕಿರಿದಿಗೆ ಎದುರಾಗಿ ನಿಂತ ಶಬ್ದ ‘ಘನ’. ವಚನಗಳಲ್ಲಿ ಘನವೆಂದರೆ ಹಿರಿದು, ಮಹತ್ತು. ಘನಲಿಂಗ, ಮಹಾಘನ ಎಂಬ ಪ್ರಯೋಗಗಳನ್ನು ಬೇಕಾದಷ್ಟು ನೋಡಬಹುದು. ಸಂಸ್ಕೃತದಲ್ಲಿ ಅದರ ಮೂಲಾರ್ಥಗಳಲ್ಲಿ ಒಂದು ದಟ್ಟವಾದುದು, ಎಡೆಯಿಲ್ಲದಂತೆ ಕೂಡಿಕೊಂಡದ್ದು. ಹೊಡೆ ಎಂಬ ಅರ್ಥದ ‘ಹನ್’ ಧಾತುವಿನಿಂದ ಬಂದ ಮಾತು. ವಿಜ್ಞಾನದವರು ಘನ, ದ್ರವ, ಅನಿಲ ಎನ್ನುವಾಗ ಹಳೆಯ ಅರ್ಥವೇ ಉಳಿದಿದೆ. ದಟ್ಟವಾದುದೇ ದೊಡ್ಡದು ಎಂಬ ಅರ್ಥಸಂಚಾರ ಕನ್ನಡದಲ್ಲಿ ಪೂರ್ಣವಾಗಿ ನೆಲೆನಿಂತಿದೆ. ಹಾಗಾದರೆ ಹಿರಿಮೆಗೆ ಹರವು ಬೇಕೇ ಬೇಕೆಂದಿಲ್ಲ. ಅಂಗೈಯಷ್ಟರಲ್ಲಿ ಇರುವುದೂ ಘನವಾಗಬಹುದು. ವಚನದ ಭಾಷೆಯೇ ಈ ದಾರಿಯನ್ನು ಮೊದಲೇ ತೆರೆದಿಟ್ಟಿತ್ತು.

ಇನ್ನು ‘ಚುಳುಕು’. ಹಳೆಯ ಕನ್ನಡದಲ್ಲಿ ಚುಳುಕು ಎಂದರೆ ಹಗುರ, ಅಲ್ಪ ಎಂಬ ಅರ್ಥಗಳಿರುವುದು ನಿಜ. ಸಂಸ್ಕೃತದ ‘ಚುಲುಕ’, ‘ಚುಳುಕ’ವೆಂಬುದು ನೀರು ಹಿಡಿಯಲು ಗುಳಿಮಾಡಿದ ಅಂಗೈ, ಅದರಲ್ಲಿ ಹಿಡಿಯುವಷ್ಟು ನೀರೂ ಚುಲುಕವೇ. ಬೊಗಸೆ ಎರಡು ಕೈಗಳದು, ಚುಲುಕ ಒಂದೇ ಕೈಯದು. ಕೋಶಕಾರರು ಇವೆರಡನ್ನೂ ಬೇರೆ ಬೇರೆ ಮಾತುಗಳಾಗಿ ಎಣಿಸಿದರೂ ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಕೇಳುವ ಕಿವಿಗೆ ಅವು ಬೇರೆಯಾಗಿ ಉಳಿದಿರಲಾರವು. ಅದಕ್ಕೆ ಕಾರಣವುಂಟು. ಆ ನಾಡನ್ನು ಎರಡು ಶತಮಾನ ಆಳಿದ ಚಾಲುಕ್ಯರು ತಮ್ಮ ವಂಶದ ಹೆಸರನ್ನು ಈ ಶಬ್ದಕ್ಕೇ ಜೋಡಿಸಿಕೊಂಡಿದ್ದರು. ಆರನೆಯ ವಿಕ್ರಮಾದಿತ್ಯನ ಆಸ್ಥಾನದ ಬಿಲ್ಹಣನು ‘ವಿಕ್ರಮಾಂಕದೇವಚರಿತ’ದಲ್ಲಿ ಬ್ರಹ್ಮನ ಚುಲುಕದಿಂದ ಆ ವಂಶದ ಮೂಲಪುರುಷ ಹುಟ್ಟಿದನೆಂದು ಕಥೆ ಹೇಳುತ್ತಾನೆ. ಬಿಜ್ಜಳನ ಕಾಲಕ್ಕೆ ಆ ರಾಜ್ಯ ಕೈಬದಲಾಗಿತ್ತು, ಕಥೆ ಊರಲ್ಲೇ ಇತ್ತು. ಅರಮನೆಯ ಭಂಡಾರದ ಹೊಣೆ ಹೊತ್ತಿದ್ದ ಬಸವಣ್ಣನವರಿಗೆ ಚುಲುಕವೆಂದರೆ ಅಂಗೈಯೆಂಬುದು ತಿಳಿಯದೆ ಇದ್ದಿತೆನ್ನುವುದು ಕಷ್ಟ.

ಈ ಅರ್ಥವನ್ನು ಮನಸ್ಸಿನಲ್ಲಿಟ್ಟು ವಚನವನ್ನು ಮತ್ತೊಮ್ಮೆ ಓದಬೇಕು. ಚುಳುಕಾಗುವುದು ಎಲ್ಲಿ? ಕರಸ್ಥಲದಲ್ಲಿ. ಕರಸ್ಥಲವೆಂದರೆ ಲಿಂಗಾರ್ಚನೆಯ ಸಮಯದಲ್ಲಿ ಎದೆಯ ಮಟ್ಟಕ್ಕೆ ಹಿಡಿದ, ಸ್ವಲ್ಪ ಗುಳಿಯಾಗಿಸಿದ ಎಡದ ಅಂಗೈ. ಸ್ಥಳವೂ ಅಂಗೈ, ಅಳತೆಯೂ ಅಂಗೈ. ಪಾದೋದಕವನ್ನು ಸ್ವೀಕರಿಸುವುದೂ ಅಂಗೈಯ ಗುಳಿಯಲ್ಲಿಯೇ. ‘ಚಿಕ್ಕದಾಯಿತು’ ಎಂದರೆ ಅದು ಬಯಲಲ್ಲಿ ನಿಂತ ಅಳತೆ. ಎಷ್ಟು ಚಿಕ್ಕದು, ಯಾವುದಕ್ಕಿಂತ ಚಿಕ್ಕದು, ಯಾರಿಗಾಗಿ ಚಿಕ್ಕದು ಎಂಬ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ‘ಚುಳುಕಾಯಿತು’ ಎಂದರೆ ಹಿಡಿಯುವ ಈ ಕೈ ಎಷ್ಟೋ ಅಷ್ಟು ಎಂದಾಯಿತು. ಮಗುವಿನ ಕೈಯಾದರೆ ಮಗುವಿನ ಅಳತೆ, ಮುದುಕನ ಕೈಯಾದರೆ ಮುದುಕನ ಅಳತೆ. ಅಳತೆಗೋಲು ಲಿಂಗದಲ್ಲಿಲ್ಲ, ಹಿಡಿದವನಲ್ಲಿದೆ.

ಚುಲುಕದ ಇನ್ನೊಂದು ಕಥೆಯನ್ನು ಇದರ ಪಕ್ಕದಲ್ಲಿಟ್ಟರೆ ಅಂತರ ಸ್ಪಷ್ಟವಾಗುತ್ತದೆ. ಅಗಸ್ತ್ಯನು ಸಮುದ್ರವನ್ನು ಒಂದು ಚುಲುಕದಲ್ಲಿ ಕುಡಿದನೆಂಬುದು ಪುರಾಣಪ್ರಸಿದ್ಧ. ಅಲ್ಲಿ ಕಡಲು ಕೈಗೆ ಬಂದದ್ದು ಋಷಿಯ ತಪೋಬಲದಿಂದ; ಕಡಲಿಗೆ ಬರುವ ಮನಸ್ಸಿತ್ತೋ ಇಲ್ಲವೋ ಕೇಳಿದವರಿಲ್ಲ. ಕೈಗೆ ಬಂದ ಕಡಲು ಬತ್ತಿಯೂ ಹೋಯಿತು. ವಚನದಲ್ಲಿ ಭಕ್ತನ ಬಲದ ಸೊಲ್ಲೇ ಇಲ್ಲ. ಬಂದವನೂ ಆತನೇ, ಚುಳುಕಾದವನೂ ಆತನೇ. ಎರಡೂ ಕ್ರಿಯೆಗಳಿಗೆ ದೇವನೇ ಕರ್ತೃ. ‘ಮಾಡು’ ಇಲ್ಲ, ‘ಆಗು’ ಇದೆ. ವಾಮನನ ಕಥೆ ಇದಕ್ಕೆ ಇನ್ನೊಂದು ತುದಿ. ಅಲ್ಲಿ ಕಿರಿದಾಗಿ ಬಂದವನು ಬೆಳೆದು ಮೂರು ಹೆಜ್ಜೆಗೆ ಲೋಕವನ್ನು ಅಳೆದ, ದಾನ ಕೊಟ್ಟವನು ಪಾತಾಳಕ್ಕೆ ಇಳಿದ. ಇಲ್ಲಿ ಲೋಕವನ್ನು ಮೀರಿ ನಿಂತವನು ಅಂಗೈಗೆ ಇಳಿದ, ಹಿಡಿದವನು ಇದ್ದಲ್ಲಿಯೇ ಉಳಿದ.

ಕ್ರಿಯಾಪದದ ಕೊನೆಯನ್ನೂ ಗಮನಿಸದೆ ಇರಲಾಗದು. ಬೇರೆ ಕಡೆಗಳಲ್ಲಿ ಬಸವಣ್ಣನವರು ಕೂಡಲಸಂಗನನ್ನು ‘ನೀನು’ ಎಂದು ಸಲಿಗೆಯಿಂದ ಕರೆದದ್ದುಂಟು. ಈ ವಚನದಲ್ಲಿ ಮಾತು ಬಹುವಚನದಲ್ಲಿ, ‘ಚುಳುಕಾದಿರಿ’ ಎಂದು ನಿಲ್ಲುತ್ತದೆ. ಹಿರಿಯರೊಬ್ಬರು ತಾವಾಗಿ ಗುಡಿಸಲಿಗೆ ಬಂದು ತಲೆ ಬಾಗಿಸಿ ಒಳಗೆ ಅಡಿಯಿಟ್ಟಾಗ ಮನೆಯವನು ಬಳಸುವ ವಚನವದು. ಬಾಗಿಲು ಗಿಡ್ಡವೆಂದು ಬಾಗಿದವರು ಗಿಡ್ಡರಾದರೆಂದು ಯಾರೂ ಹೇಳುವುದಿಲ್ಲ. ಬಾಗಿದುದರಿಂದ ಅವರ ಮೇಲಿನ ಗೌರವ ಒಂದು ಮೆಟ್ಟಲು ಏರುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರಬಹುದು. ಚುಳುಕು ಎಂಬುದಕ್ಕೆ ಹಗುರವೆಂಬ ಅರ್ಥವೇ ಸಹಜವಾಗಿರುವಾಗ ಅಂಗೈಯ ಅರ್ಥವನ್ನು ಎಳೆದು ತರುವುದೇಕೆ? ಎಳೆದು ತಂದುದಲ್ಲ, ‘ಕರಸ್ಥಲ’ವೆಂಬ ಪಕ್ಕದ ಶಬ್ದವೇ ಅದನ್ನು ಕರೆತಂದಿದೆ. ಹಗುರವೆಂಬ ಅರ್ಥವನ್ನು ಬಿಡಬೇಕಾಗಿಯೂ ಇಲ್ಲ. ಬ್ರಹ್ಮಾಂಡದ ಭಾರ ಅಂಗೈಗೆ ಹಗುರಾಯಿತು, ಮೈಮೇಲೆ ಹೊತ್ತು ನಡೆಯುವಷ್ಟಾಯಿತು ಎಂಬುದು ಇಷ್ಟಲಿಂಗಕ್ಕೆ ಒಪ್ಪುವ ಮಾತೇ. ಬಿಡಬೇಕಾದುದು ‘ಅಲ್ಪ’ವೆಂಬುದನ್ನು ಮಾತ್ರ. ಏಕೆಂದರೆ ಅದನ್ನು ಒಪ್ಪಿದರೆ ಇಷ್ಟಲಿಂಗವು ಮಹಾಲಿಂಗದ ಒಂದು ತುಣುಕು, ಒಂದು ಗುರುತು, ದೊಡ್ಡದಕ್ಕೆ ಬದಲಾಗಿ ಇಟ್ಟ ಸಣ್ಣದು ಎಂದಾಗುತ್ತದೆ. ಭಕ್ತನು ನಿತ್ಯ ಕೈಯಲ್ಲಿ ಹಿಡಿಯುವುದು ಪೂರ್ಣವೋ, ಪೂರ್ಣದ ಪ್ರತಿನಿಧಿಯೋ ಎಂಬ ಪ್ರಶ್ನೆ ಸಣ್ಣದಲ್ಲ. ಅದರ ತೀರ್ಮಾನ ಬಹುಮಟ್ಟಿಗೆ ಈ ಒಂದು ಕ್ರಿಯಾಪದದ ಅರ್ಥದ ಮೇಲೆ ನಿಂತಿದೆ. ಒತ್ತಕ್ಷರದ ಪಕಾರದಂತೆ ಆಕಾರ ಕುಗ್ಗಿಯೂ ಉಚ್ಚಾರ ಪೂರ್ಣವಾಗಿ ಉಳಿಯುವುದು ಇಲ್ಲಿಯ ರೀತಿ.

ಹಾಗಾದರೆ ವಚನದ ರೂಪವನ್ನು ಹೊಗಳಲು ಸಂಕ್ಷೇಪಕ್ಕೆ ಬದಲಾಗಿ ಯಾವ ಶಬ್ದ? ‘ಅಡಕ’ವೆಂಬುದು ಹತ್ತಿರದ್ದು. ಅಡಗು, ಅಡಕು ಎಂಬವುಗಳ ಕುಲ. ಹಳೆಯ ಮನೆಗಳ ಅಡಿಗೆಕೋಣೆಯ ಮೂಲೆಯಲ್ಲಿ ಒಂದರ ಮೇಲೊಂದು ಏರಿಸಿಟ್ಟ ಅಡಕಲ ಗಡಿಗೆಗಳಲ್ಲಿ ಕೆಳಗಿನದು ಮೇಲಿನದನ್ನು ಹೊರುತ್ತದೆ, ಯಾವುದೂ ಯಾವುದನ್ನೂ ಒಡೆಯುವುದಿಲ್ಲ, ಪ್ರತಿಯೊಂದರ ಒಳಗೂ ಕಾಳಿರುತ್ತದೆ. ವಚನದ ಸಾಲುಗಳ ಜೋಡಣೆಯೂ ಹೆಚ್ಚುಕಡಿಮೆ ಹಾಗೆಯೇ. ಅಲ್ಲಮಪ್ರಭುಗಳು ಶಿಲೆಯೊಳಗಿನ ಬೆಂಕಿ, ಬೀಜದೊಳಗಿನ ಮರ, ಶಬ್ದದೊಳಗಿನ ನಿಶ್ಶಬ್ದಗಳನ್ನು ಒಂದೆಡೆ ಸಾಲಾಗಿ ಹೇಳುತ್ತಾರೆ. ಬೀಜವನ್ನು ಯಾರೂ ಮರವನ್ನು ಒತ್ತಿ ಮಾಡಿದ್ದಲ್ಲ. ಬೀಜವನ್ನು ಹಿಂಡಿ ಮರವನ್ನು ತೆಗೆಯಲೂ ಬರುವುದಿಲ್ಲ. ಹಿಂಡಿದರೆ ಎಣ್ಣೆ ಸಿಕ್ಕೀತು, ಮರ ಸಿಕ್ಕದು.

ಹಳಕಟ್ಟಿಯವರು ೧೯೨೩ರಲ್ಲಿ ಪ್ರಕಟಿಸಿದ ಮಹಾಸಂಕಲನಕ್ಕೆ ‘ವಚನಶಾಸ್ತ್ರಸಾರ’ವೆಂದು ಹೆಸರಿಟ್ಟುದನ್ನು ಇಲ್ಲಿ ಎತ್ತಿ ತೋರಿಸುವವರಿದ್ದಾರೆ. ಧಾರವಾಡದಲ್ಲಿ ೧೮೮೦ರಲ್ಲಿ ಹುಟ್ಟಿ ವಿಜಾಪುರದಲ್ಲಿ ಬಾಳು ಸವೆಸಿದ ಆ ಮಹನೀಯರು ‘ಸಾರ’ವೆಂದರೂ ಹಿಂಡುವ ಕೆಲಸ ಮಾಡಲಿಲ್ಲ. ತಾಡವಾಲೆಗಳಿಂದ ಆರಿಸಿದರು, ವಿಷಯಕ್ಕೆ ತಕ್ಕಂತೆ ವಿಂಗಡಿಸಿದರು, ವಚನಗಳನ್ನು ವಚನಗಳಾಗಿಯೇ ಅಚ್ಚು ಹಾಕಿಸಿದ್ದರು. ಶೂನ್ಯಸಂಪಾದನೆಯ ನಾಲ್ವರು ಸಂಪಾದಕರೂ ಹಾಗೆಯೇ ನಡೆದವರು. ಸಂವಾದದ ಕಥನಸೂತ್ರ ಅವರದು, ಪೋಣಿಸಿದ ವಚನಗಳು ಶರಣರವು. ಕರ್ನಾಟಕ ವಿಶ್ವವಿದ್ಯಾಲಯ ಆ ಗ್ರಂಥವನ್ನು ಇಂಗ್ಲಿಷಿಗೆ ತಂದಾಗ, ೧೯೬೫ರಲ್ಲಿ ಮೊದಲ್ಗೊಂಡು, ಐದು ಸಂಪುಟಗಳು ಬೇಕಾದವು. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ೧೯೯೩ರಲ್ಲಿ ಬಂದ ಸಮಗ್ರ ವಚನ ಸಂಪುಟದ ೧೫ ಸಂಪುಟಗಳನ್ನು ತೆರೆದವರಿಗೆ, ಇಷ್ಟು ವಿಸ್ತಾರವಾದ ವಾಙ್ಮಯಕ್ಕೆ ಸಂಕ್ಷಿಪ್ತವೆಂಬ ಹೆಸರು ಎಷ್ಟು ಒಪ್ಪುತ್ತದೆಂಬುದು ತಾನಾಗಿಯೇ ತಿಳಿದೀತು.

ಬೆಡಗಿನ ವಚನಗಳಿಗೆ ಟೀಕೆ ಬರೆದ ಹಿಂದಿನವರ ಕೆಲಸಕ್ಕೆ ಹತ್ತಿಯ ನಾಡಿನಲ್ಲಿಯೇ ಒಂದು ಹೆಸರಿದೆ. ಹಿಂಡುವುದಲ್ಲ, ಹಿಂಜುವುದು. ಒಂದೇ ಅಕ್ಷರದ ವ್ಯತ್ಯಾಸ. ಪಿಂಜಾರನು ಬಿಲ್ಲಿನ ತಂತಿ ಮಿಡಿದು ಗಂಟುಗಟ್ಟಿದ ಅರಳೆಯನ್ನು ಎಳೆ ಎಳೆಯಾಗಿ ಬಿಡಿಸುತ್ತಾನೆ. ಅರಳೆಗೆ ಏನನ್ನೂ ಸೇರಿಸುವುದಿಲ್ಲ, ಅದರಿಂದ ಏನನ್ನೂ ತೆಗೆಯುವುದಿಲ್ಲ. ಕಸ ಮಾತ್ರ ಕೆಳಗೆ ಬೀಳುತ್ತದೆ. ಐದು ಸಾಲಿನ ವಚನಕ್ಕೆ ಹನ್ನೆರಡು ಸಾಲು ಬರೆದ ಆ ವಿದ್ಯಾರ್ಥಿ ತಿಳಿಯದೆ ಮಾಡಿದ್ದು ಇದನ್ನೇ. ಅವನ ಉತ್ತರ ಉದ್ದವಾದುದು ತಪ್ಪಲ್ಲ, ಪ್ರಶ್ನೆ ಅದನ್ನು ಸಾರಾಂಶವೆಂದು ಕರೆದುದು ತಪ್ಪು. ‘ಈ ವಚನವನ್ನು ಬಿಡಿಸಿ ಬರೆಯಿರಿ’ ಎಂದಿದ್ದರೆ ಸಾಕಾಗಿತ್ತು.

ಪಠ್ಯಪುಸ್ತಕದ ಕೊನೆಯ ಶಬ್ದಾರ್ಥದ ಪಟ್ಟಿಯಲ್ಲಿ ಚುಳುಕಾಗು ಎಂಬುದರ ಎದುರಿಗೆ ‘ಚಿಕ್ಕದಾಗು’ ಎಂಬ ಒಂದೇ ಮಾತು ಹಾಕುವಲ್ಲಿ, ‘ಅಂಗೈಯ ಗುಳಿಯಲ್ಲಿ ಹಿಡಿಯುವಷ್ಟಾಗಿ ಬರು’ ಎಂದು ಹಾಕಿದರೆ ಪಟ್ಟಿಯ ಸಾಲು ಸ್ವಲ್ಪ ಉದ್ದವಾಗುತ್ತದೆ. ಪಾಠ ಹೇಳುವವರು ಆ ಸಾಲಿಗೆ ಬಂದಾಗ ಮಕ್ಕಳಿಗೆ ಎಡಗೈ ಚಾಚಿ, ನೀರು ಹಿಡಿಯುವಂತೆ ಗುಳಿ ಮಾಡಿ ನೋಡಿರೆಂದು ಹೇಳಬಹುದು.